ನಮ್ಮವ್ವನಿಗೆ ನಿದ್ದೆ ತಂದ ಸೀಮೆ ಸೇವಂತಿಗೆ

ಕೇಳು ಮೊಮ್ಮಗಳೇ ಸಾಕಿ, ನಿಮ್ಮಪ್ಪ ಇನ್ನೂ ಹುಟ್ಟೇ ಇರದ ಒಂದು ಕಾಲದಲ್ಲಿ, ಸುತ್ತ ಏಳು ಊರಲ್ಲಿ ಸೀಮೆ ಸೇವಂತಿಗೆ ಬೆಳೆದ ಗಂಡಸು ಅಂದ್ರೆ ಈ ನಿನ್ನ ತಾತ ಒಬ್ಬನೇ. ನೋಡಿದವರೆಲ್ಲ ಮಣ್ಣಾದರು, ಇಲ್ಲದಿದ್ರೆ ಕರೆಸಿ ಹೇಳಿಸ್ತಿದ್ದೆ. ಅದೇ, ಅಂಗಡಿ ಚಹಾ ಪೊಟ್ಟಣದ ಮೇಲೆ ಕ್ಯಾಮೊಮೈಲ್ ಅಂತ ಬರೀತಾರಂತಲ್ಲ, ಬಿಳಿ ಎಸಳು, ನಡುವೆ ಹಳದಿ ಬೊಟ್ಟು, ಅದು.

ಆಗ ನಮ್ಮವ್ವ ಕೆಂಚಮ್ಮನಿಗೆ ನಿದ್ದೆ ಬಿಟ್ಟುಹೋಗಿ ತಿಂಗಳಾಗಿತ್ತು. ರೆಪ್ಪೆ ಮುಚ್ಚೋದೇ ಇಲ್ಲ. ನಾಟಿ ವೈದ್ಯ ಬಂದು, ಈ ಹೂವಿನ ನೀರು ಕುಡಿಸದಿದ್ರೆ ನಿಮ್ಮವ್ವ ಯುಗಾದಿ ಕಾಣಲ್ಲ ಕಣ್ರೋ ಅಂದು, ಮೂರು ಚಿಟಿಕೆ ಬೀಜ ಕೊಟ್ಟು ಹೋದ. ನಾವು ಮೂವರು ಗಂಡುಮಕ್ಕಳು, ತಲೆಗೊಂದು ಚಿಟಿಕೆ.

ದೊಡ್ಡಣ್ಣ ಕುಂಬಳದ ಬೀಜ ಊರೋ ಹಾಗೆ ಗುಣಿ ತೋಡಿ ಆಳಕ್ಕೆ ಹೂತನಂತೆ. ಸಾಸಿವೆಗಿಂತ ಸಣ್ಣ ಬೀಜ, ಬೆಳಕೇ ಕಾಣದೆ ಅಲ್ಲೇ ಸತ್ತಿತಂತೆ. ಆಮೇಲೆ ನಡುವಿನಣ್ಣ ಮಣ್ಣ ಮೇಲೇ ಚೆಲ್ಲಿದನಂತೆ, ಅದು ಸರಿಯೇ, ಆದ್ರೆ ಕೊಡ ಎತ್ತಿ ನೀರು ಸುರಿದನಂತೆ, ಬೀಜವೆಲ್ಲ ಬಚ್ಚಲ ಮೋರಿ ಸೇರಿತಂತೆ.

ಅವ್ವ ನನ್ನ ಕೈ ಹಿಡಿದು, ಸಾಕು ಬಿಡೋ ಮಗ ಅಂದಳು. ಬಿಡಲ್ಲ ಕಣವ್ವ ಅಂದೆ. ಆಮೇಲೆ ಬೀಜಕ್ಕೆ ಮರಳು ಬೆರೆಸಿ ಪಾತಿಗೆ ಉದುರಿಸಿ, ಮಣ್ಣು ಮುಚ್ಚದೆ ಬರೀ ಅಂಗೈಲಿ ಒತ್ತಿ, ಪೊರಕೆ ಅದ್ದಿ ನೀರು ಚಿಮುಕಿಸಿದೆ. ಇರುವೆ ಸಾಲು ಬಂತು, ಒಂದಚ್ಚು ಬೆಲ್ಲ ಕೊಟ್ಟು ಪಕ್ಕದೂರಿಗೆ ಕಳಿಸಿದೆ. ಬಿಸಿಲು ಬಂತು, ನಲವತ್ತು ದಿನ ನಾನೇ ಚಪ್ಪರವಾಗಿ ಬಗ್ಗಿ ನಿಂತೆ. ಗುಬ್ಬಿ ಬಂತು, ನನ್ನ ಬೆನ್ನ ಮೇಲೆ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿ ಕರಕೊಂಡು ಹಾರಿಹೋಯ್ತು. ನಾನು ಅಲ್ಲಾಡಲಿಲ್ಲ.

ಹಬ್ಬಕ್ಕೆ ಎಂಟು ದಿನ ಇರುವಾಗ ಹಿತ್ತಲೆಲ್ಲ ಬೆಳ್ಳಗಾಯ್ತು. ಹೂ ಬಿಡಿಸಿ, ಮೊರದಲ್ಲಿ ಹರಡಿ, ನಾಲ್ಕು ದಿನ ನೆರಳಲ್ಲಿ ಒಣಗಿಸಿದೆ. ದೊಡ್ಡಣ್ಣ, ಚೆನ್ನಾಗಿ ಕುದಿಸೋ ಅಂದ. ಕಹಿಯಾಗುತ್ತೆ, ನೀನು ಸುಮ್ಮನಿರು ಅಂದು, ಕಾದ ನೀರು ಹೊಯ್ದು ತಟ್ಟೆ ಮುಚ್ಚಿಟ್ಟೆ. ಅವ್ವ ಒಂದು ಲೋಟ ಕುಡಿದಳು. ರೆಪ್ಪೆ ಮೆಲ್ಲಗೆ ಮುಚ್ಚಿದವು. ಆ ಘಮಕ್ಕೆ ಅಣ್ಣಂದಿರು ಕೂತಲ್ಲೇ ಒರಗಿದರು, ಆಮೇಲೆ ನಾನು, ಆಮೇಲೆ ಬೀದಿ ನಾಯಿ, ಕೋಳಿ, ಊರಿಗೆ ಊರೇ ಮಲಗಿಬಿಡ್ತು. ಮೂರು ಹಗಲು ಮೂರು ರಾತ್ರಿ ಒಂದು ಪ್ರಾಣೀನೂ ಕಣ್ಣು ಬಿಡಲಿಲ್ಲ. ಆಮೇಲೆ ಅವ್ವ ಮೈಮುರಿದು ಎದ್ದು, ಯುಗಾದಿ ಒಬ್ಬಟ್ಟಿಗೆ ಬೇಳೆ ಬೇಯೋಕೆ ಇಟ್ಟಳು.

ಕಂಬಳಿಯೊಳಗಿಂದ ಸಾಕಿ ತಲೆ ಹೊರಗೆ ಬಂತು. ತಾತ, ಎಲ್ರೂ ಮಲಗಿದ್ರೆ ಮೂರು ದಿನ ಅಂತ ಎಣಿಸಿದ್ದು ಯಾರು?

ನಾನು ಹೆಗಲು ಕುಣಿಸಿದೆ. ಯಾರೋ ಎಣಿಸಿರ್ತಾರೆ ಬಿಡೇ. ನಮ್ಮವ್ವ ಮಲಗಿದಳು, ಕತೆ ಅಷ್ಟೇ.