ಗವಿಯಲ್ಲಿಟ್ಟ ಹಾಲು

“ನಮ್ಮ ಪಕ್ಕದ ಗ್ರಹಗಳಲ್ಲಿ ಜೀವ ಇದೆಯೇ, ಬುದ್ಧಿ?” ಎಂದು ದಾಕ್ಷಾಯಿಣಿ ಗುರುಗಳನ್ನು ಕೇಳಿದಳು. “ಆನೆ ಕುದುರೆಯಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವ. ಮಣ್ಣಿನ ಕಣಕ್ಕೆ ಅಂಟಿಕೊಂಡು ತನ್ನ ಪಾಡಿಗೆ ತಾನು ಬದುಕುವಂಥದ್ದು.”

ಗುರುಗಳು ಹುಣಸೆಮರದ ಬುಡದಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಐವತ್ತು ದಾಟಿದ ಮನುಷ್ಯ. ಯುಗಾದಿಯ ದಿನ ಬೆಲ್ಲದ ಉಂಡೆಯೊಳಗೆ ಬೇವನ್ನು ಅಡಗಿಸಿ, ಬರೀ ಬೆಲ್ಲ ಎಂದು ಗಂಭೀರವಾಗಿ ಹಂಚಿದವರು. ಅವರು ಹೇಳುವ ಕತೆಯನ್ನು ಶಿಷ್ಯರು ಪೂರ್ತಿ ನಂಬುತ್ತಿರಲಿಲ್ಲ. ಎದ್ದು ಹೋಗುತ್ತಲೂ ಇರಲಿಲ್ಲ.

ಆ ಉಸಾಬರಿ ನಿನಗೇಕೆ ಎಂದು ಅವರು ವಿಚಾರಿಸಿದರು. ದಾಕ್ಷಾಯಿಣಿಗೆ ಆ ಉಸಾಬರಿಯೇ ಉದ್ಯೋಗವಾಗಿತ್ತು. ಮಂಗಳ ಗ್ರಹಕ್ಕೆ ಹೊರಟು ನಿಂತಿದ್ದ ನೌಕೆಯೊಂದರಲ್ಲಿ ಅಂಗೈಯಗಲದ ಒಂದು ಪೆಟ್ಟಿಗೆ ಇತ್ತು. ಅಲ್ಲಿಯ ಒಂದು ಚಿಟಿಕೆ ಮಣ್ಣನ್ನು ಒಳಕ್ಕೆಳೆದುಕೊಂಡು, ಇದರಲ್ಲಿ ಜೀವ ಇದೆ ಅಥವಾ ಇಲ್ಲ ಎಂದು ತಿಳಿಸುವುದು ಆ ಪೆಟ್ಟಿಗೆಯ ಕೆಲಸ. ಹೊರಡುವ ಮೊದಲು ಅದನ್ನು ಮೂರು ಸಲ ಕಾಯಿಸಬೇಕು, ಇಲ್ಲಿಯ ಜೀವ ಒಂದೂ ಅದಕ್ಕೆ ಅಂಟಿರಬಾರದು ಎಂಬುದು ನಿಯಮ. ಎರಡು ಸಲ ಕಾಯಿಸಿ ಆಗಿತ್ತು. ಮೂರನೆಯದಕ್ಕೆ ಸಮಯವಿರಲಿಲ್ಲ, ಹೊರಡುವ ದಿನ ನಿಶ್ಚಯವಾಗಿತ್ತು. ಎರಡು ಸಲ ಕಾಯಿಸಿದ್ದೇ ಧಾರಾಳವಾಯಿತು, ಹೇಗೂ ಅಲ್ಲಿ ಯಾರೂ ಇಲ್ಲ, ಮೂರು ಎಂದು ಬರೆದು ಸಹಿ ಹಾಕಿಬಿಡಮ್ಮ ಎಂದು ಮೇಲಿನವರು ಹೇಳಿದ್ದರು. ಆ ಕಾಗದ ಅವಳ ಕೈಚೀಲದಲ್ಲಿತ್ತು. ಸೋಮವಾರ ಕೊಡಬೇಕು. ಇಷ್ಟನ್ನೂ ಅವಳು ತಡೆದು ತಡೆದು ಹೇಳಿದಳು.

ಗುರುಗಳು ಸಹಿ ಹಾಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಅವಳ ಕೈಗೆ ಒಂದು ಹಿಡಿ ಕಡಲೆಕಾಯಿ ಸುರಿದು ಕತೆ ಶುರುಮಾಡಿದರು.

ಒಬ್ಬ ಗೌಳಿ ಇದ್ದ. ಅವನಿಗೆ ಒಬ್ಬ ಹೆಂಡತಿ, ಮೂರು ಎಮ್ಮೆ. ಒಂದು ಗುಡ್ಡದ ಮೇಲೆ ಅವರದೊಂದೇ ಮನೆ. ಎದುರಿಗೆ ಇನ್ನೊಂದು ಗುಡ್ಡ. ಎರಡು ಗುಡ್ಡಗಳ ನಡುವೆ ನೀರಿಲ್ಲದ ಹೊಳೆ, ಬರೀ ಮರಳು. ಎದುರು ಗುಡ್ಡ ಸಂಜೆಯಾದರೆ ಕೆಂಪಾಗುತ್ತಿತ್ತು. ಅದರ ಹೊಟ್ಟೆಯಲ್ಲೊಂದು ಗವಿ. ಕೆಲವು ಬೆಳಗು ಆ ಗವಿಯ ಬಾಯಿಂದ ತೆಳ್ಳಗೆ, ಬಿಳಿಯಾಗಿ ಏನೋ ಹೊರಬರುತ್ತಿತ್ತು. ಮಂಜಿರಬಹುದು. ಒಲೆಯ ಹೊಗೆ ಇರಬಹುದು. ಯಾರದೋ ಉಸಿರೂ ಇರಬಹುದು. ಗೌಳಿ ಹಾಲು ಕರೆಯುವುದನ್ನು ಮರೆತು ಅದನ್ನೇ ನೋಡುತ್ತಿದ್ದ. ಎಮ್ಮೆ ಬಾಲದಿಂದ ಅವನ ಮುಖಕ್ಕೆ ಬೀಸಿ ನೆನಪು ಮಾಡುತ್ತಿತ್ತು.

ಆ ಜನರಲ್ಲಿ ಒಂದು ರೂಢಿ. ಹೆಪ್ಪು ಕೇಳುವಷ್ಟು ಸಲಿಗೆ ಯಾವ ಮನೆಯಲ್ಲಿದೆಯೋ ಅದು ನೆರೆಮನೆ. ಹೆಪ್ಪನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಕೇಳಬೇಕು, ಕೊಡಬೇಕು. ಗೌಳಿಗೆ ಎಮ್ಮೆ ಇತ್ತು, ಹುಲ್ಲಿತ್ತು, ನೆರೆ ಇರಲಿಲ್ಲ. ಒಮ್ಮೆ ಹೆಂಡತಿ ಜ್ವರದಲ್ಲಿ ಮಲಗಿದ್ದಾಗ ಮೊಸರಿನ ಗಡಿಗೆ ಒಣಗಿಹೋಗಿ ಹೆಪ್ಪು ಕೆಟ್ಟಿತು. ಒಂದು ಚಮಚ ಹೆಪ್ಪಿಗಾಗಿ ಅವನು ಎರಡು ದಿನ ನಡೆದುಹೋಗಿ, ಎರಡು ದಿನ ನಡೆದುಬಂದ. ಬಂದಾಗ ಹೆಂಡತಿ ಎದ್ದು ಕೂತಿದ್ದಳು. ಹೆಪ್ಪು ಕೇಳಲು ಒಂದು ಮನೆಯಿಲ್ಲದ ಕಡೆ ನಾನಿನ್ನು ಇರಲಾರೆ, ಜನರಿರುವ ಕಡೆಗೆ ಹೋಗೋಣ ಎಂದಳು.

ಗೌಳಿಗೆ ಗುಡ್ಡ ಬಿಡಲು ಮನಸ್ಸಿಲ್ಲ. ಹೆಂಡತಿಯನ್ನು ಬಿಡಲು ಮೊದಲೇ ಇಲ್ಲ. ಎದುರು ಗವಿಯಲ್ಲಿ ಯಾರೋ ಇದ್ದಾರೆ ಎಂದು ಅವನು ವಾದ ಹೂಡಿದ. ಯಾರೂ ಇಲ್ಲ, ಅದು ಬರೀ ಮಂಜು ಎಂದು ಅವಳು. ಕೊನೆಗೆ ಒಂದು ಕರಾರಾಯಿತು. ಅಲ್ಲಿ ಜೀವ ಇದೆ ಎಂದಾದರೆ ಅವಳು ಸುಮ್ಮನೆ ಇಲ್ಲೇ ಇರುತ್ತಾಳೆ. ಇಲ್ಲ ಎಂದಾದರೆ ಮಳೆಗಾಲ ಮುಗಿದ ಕೂಡಲೇ ಗಂಟು ಕಟ್ಟುವುದು.

ತಿಳಿಯುವುದು ಹೇಗೆ? ಗೌಳಿ ಹಿಂದೊಮ್ಮೆ ಹೋಗಿ ಇಣುಕಿ ನೋಡಿದ್ದ. ಗವಿ ಖಾಲಿ. ಆದರೆ ಕಣ್ಣಿಗೆ ಕಾಣದವರೂ ಇರುತ್ತಾರೆ ಎಂಬುದು ಗೌಳಿಗಳಿಗೆ ಬೇರೆಯವರು ಕಲಿಸಬೇಕಾದ ಪಾಠವಲ್ಲ. ಅವರು ದಿನಾ ಸಂಜೆ ಹಾಲನ್ನು ಅಂಥವರ ಕೈಗೇ ಒಪ್ಪಿಸಿ ಮಲಗುವವರು. ಬರಿ ಹಾಲನ್ನು ಒಂದು ಕಡೆ ಇಡು, ಜೀವ ಇದ್ದರೆ ಹೆಪ್ಪಾಗುತ್ತದೆ, ಇಲ್ಲದಿದ್ದರೆ ಒಡೆಯುತ್ತದೆ ಎಂದು ಅವನ ಅಜ್ಜ ಹೇಳುತ್ತಿದ್ದ. ಗೌಳಿ ಹಾಗೆಯೇ ಮಾಡುವುದೆಂದು ನಿಶ್ಚಯಿಸಿದ.

ಅವನು ದಡ್ಡನಾಗಿರಲಿಲ್ಲ. ಮನೆಯ ಗಡಿಗೆಯಲ್ಲಿ ಒಯ್ದರೆ ಮನೆಯ ಹೆಪ್ಪೇ ಜೊತೆಗೆ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಹಾಲು ಕಾಣದ ಹೊಸ ಗಡಿಗೆ ತಂದ. ಬೆಂಕಿಯಲ್ಲಿ ಸುಟ್ಟ. ಐದೂ ಎಮ್ಮೆಗಳಲ್ಲಿ ಒಳ್ಳೆಯದನ್ನು ಆರಿಸಿ ಕರೆದ.

ಮೂರು ಎಂದಿರಲ್ಲ ಎಂದು ದಾಕ್ಷಾಯಿಣಿ ನೆನಪಿಸಿದಳು. ನಾನು ಕಡಲೆಕಾಯಿ ಸುಲಿಯುವಷ್ಟರಲ್ಲಿ ಎರಡು ಕರು ದೊಡ್ಡವಾದವು ಎಂದು ಹೇಳಿ ಗುರುಗಳು ಮುಂದುವರಿಸಿದರು.

ಹಾಲನ್ನು ಮೂರು ಸಲ ಉಕ್ಕಿಸಿದ. ಕೈಯನ್ನು ಮೊಣಕೈವರೆಗೆ ಬೂದಿ ಹಾಕಿ ತಿಕ್ಕಿದ. ಹಾಲಿನ ಮೇಲೆ ತನ್ನ ಉಸಿರು ಬೀಳದಿರಲೆಂದು ಬಾಯಿಗೆ ಬಟ್ಟೆ ಕಟ್ಟಿಕೊಂಡ. ಇದು ಹಾಲೋ, ದೇವರ ಉತ್ಸವವೋ ಎಂದು ಹೆಂಡತಿ ನಕ್ಕಳು. ಬಾಯಿಗೆ ಬಟ್ಟೆ ಇದ್ದುದರಿಂದ ಅವನು ಉತ್ತರ ಕೊಡಲಿಲ್ಲ. ಹೆಗಲಿನ ಕಂಬಳಿ ತರಲು ಒಳಗೆ ಹೋಗಿಬಂದು, ಅವಳು ಬಾಯಿ ಕಟ್ಟಿಟ್ಟಿದ್ದ ಗಡಿಗೆಯನ್ನು ಹೊತ್ತು ಹೊರಟ.

ಮರಳಿನ ಹೊಳೆ ದಾಟಿದ. ಗವಿಯ ನಟ್ಟನಡುವೆ ಗಡಿಗೆ ಇಟ್ಟು, ಬಟ್ಟೆಯ ಒಂದು ಮೂಲೆ ಸಡಿಲಿಸಿ ಹಿಂದೆ ಹಿಂದೆ ನಡೆದು ಹೊರಬಂದ. ಹೊಳೆಯ ದಡದ ನೆರಳಿನಲ್ಲಿ ಸ್ವಲ್ಪ ಕೂತ. ಹಾಗೇ ಜೊಂಪು ಹತ್ತಿತು. ಕನಸಿನಲ್ಲಿ ಗವಿಯಿಂದ ಜನ ಇಳಿದು ಬಂದರು. ಒಬ್ಬೊಬ್ಬರೂ ಸಾಸಿವೆ ಕಾಳಿನಷ್ಟು. ಎಲ್ಲರ ಕೈಯಲ್ಲೂ ಬಟ್ಟಲು. ಸಾಲಾಗಿ ಬಂದು ಅವನ ಅಂಗೈ ಹತ್ತಿ ನಿಂತು, ಸ್ವಲ್ಪ ಹೆಪ್ಪಿದ್ದರೆ ಕೊಡಪ್ಪ ಎಂದು ಕೇಳಿದರು. ಅವನಿಗೆ ಕಚಗುಳಿಯಾಯಿತು. ಎಚ್ಚರವಾದಾಗ ಅಂಗೈ ಇನ್ನೂ ಚಾಚಿಯೇ ಇತ್ತು. ಅವನು ಅದನ್ನು ಮೆಲ್ಲಗೆ ಮುಚ್ಚಿಕೊಂಡು ಮನೆಗೆ ಹೋದ.

ಮರುದಿನ ಬೆಳಿಗ್ಗೆ ಹೋಗಿ ಗಡಿಗೆಯ ಬಟ್ಟೆ ಬಿಚ್ಚಿದ. ಹಾಲು ಹೆಪ್ಪಾಗಿತ್ತು. ಓರೆ ಮಾಡಿದರೂ ಕದಲದಂಥ ಗಟ್ಟಿ ಮೊಸರು.

ಗೌಳಿಯ ಕಣ್ಣು ತುಂಬಿತು. ಮೊದಲ ಹೆಪ್ಪು ಕೊಟ್ಟವರಿಗೆ ಮೊದಲ ಪಾಲು ಕೊಡುವುದು ಅವರಲ್ಲಿ ಪದ್ಧತಿ. ಅವನು ಮೊಸರನ್ನು ಬೊಗಸೆಯಲ್ಲಿ ಎತ್ತಿ ಗವಿಯ ನಾಲ್ಕು ಮೂಲೆಗೂ ಚಿಮುಕಿಸಿದ. ಗೋಡೆಗೂ ಬಾಗಿಲಿಗೂ ಚಿಮುಕಿಸಿದ. ಬಾಗಿಲಿಗೆ ಬಂದು, ಕತ್ತಲೆಗೆ ಕೈಮುಗಿದು, “ನಾವು ಎದುರು ಗುಡ್ಡದವರು,” ಎಂದ. “ಏನಾದರೂ ಬೇಕಿದ್ದರೆ ಸಂಕೋಚ ಮಾಡಬೇಡಿ.”

ಮಿಕ್ಕಿದ್ದನ್ನು ಮನೆಗೆ ತಂದು ಹೆಂಡತಿಯ ಮುಂದಿಟ್ಟ. ಅವಳು ಬೆರಗಾದಳು. ಸೋತೆ ಎಂದು ಒಪ್ಪಿಕೊಂಡಳು. ಸೋತದ್ದಕ್ಕೆ ಅವಳಿಗೆ ಖುಷಿಯೂ ಆಗಿತ್ತು. ಅವಳಿಗೆ ಬೇಕಾಗಿದ್ದದ್ದು ಊರಲ್ಲ, ನೆರೆ. ಸೌಟು ಹಾಕಿ ಮೊಸರು ಬಡಿಸಿದಳು. ಮೂರನೆಯ ಸೌಟಿಗೆ ತಳದಿಂದ ಎರಡು ಒಣಮೆಣಸಿನಕಾಯಿ ಎದ್ದು ಬಂದವು. ಹಿಂದೆಯೇ ಒಂದು ತುಂಡು ಇದ್ದಿಲು.

ಗೌಳಿ ಒಂದು ಮೆಣಸಿನಕಾಯಿಯನ್ನು ತೊಟ್ಟು ಹಿಡಿದು ಎತ್ತಿದ. “ಇದನ್ನು ಯಾರೇ ಹಾಕಿದ್ದು?”

“ನಾನೇ,” ಎಂದಳು ಹೆಂಡತಿ. “ಹಾಲು ಹೊಸಿಲು ದಾಟುವಾಗ ಬರಿ ಹಾಲು ಕಳಿಸುವುದುಂಟೇ? ದೃಷ್ಟಿ ತಾಗುವುದಿಲ್ಲವೇ?”

“ಅಲ್ಲಿ ಯಾರೂ ಇಲ್ಲ ಎನ್ನುತ್ತಿದ್ದವಳು ನೀನು. ಯಾರ ದೃಷ್ಟಿ ತಾಗಬೇಕಿತ್ತು?”

“ಇದ್ದರೆ?” ಎಂದಳು ಅವಳು.

ಆ ಸಂಜೆ ಗೌಳಿ ಇನ್ನೊಂದು ಹೊಸ ಗಡಿಗೆ ಸುಟ್ಟು, ಹಾಲು ಉಕ್ಕಿಸಿ, ಹೆಪ್ಪು ಹಾಕದೆ ಎರಡು ಒಣಮೆಣಸಿನಕಾಯಿಯನ್ನು ತೊಟ್ಟಿನ ಸಮೇತ ಬಿಟ್ಟು, ಮನೆಯಲ್ಲೇ ಮೂಲೆಗಿಟ್ಟ. ಬೆಳಿಗ್ಗೆ ಮೊಸರಾಗಿತ್ತು. ಮೆಣಸಿನಕಾಯಿಯ ತೊಟ್ಟಿನಲ್ಲೂ ಹೆಪ್ಪು ಕೂತಿರುತ್ತದೆ ಎಂದು ಇವತ್ತು ಎಷ್ಟೋ ಅಡುಗೆಮನೆಗಳಿಗೆ ಗೊತ್ತು. ಅವತ್ತು ಗೊತ್ತಿರಲಿಲ್ಲ, ಅಥವಾ ಕತೆಗೆ ಬೇಕೆಂದು ಗುರುಗಳು ಗೊತ್ತಿಲ್ಲದಂತೆ ಮಾಡಿದರು. ಹಾಗಾದರೆ ಒಂದು ಚಮಚ ಹೆಪ್ಪಿಗಾಗಿ ಆ ನಾಲ್ಕು ದಿನ ನಡೆದದ್ದೂ ದಂಡವಾಯಿತಲ್ಲ ಎಂದು ಗೌಳಿ ಮೊದಲು ನಕ್ಕ. ಆಮೇಲೆ ನಗು ನಿಂತಿತು.

ಅಂದರೆ ಅಲ್ಲಿ ಯಾರೂ ಇಲ್ಲ, ಗಂಟು ಕಟ್ಟುತ್ತೇನೆ ಎಂದಳು ಹೆಂಡತಿ. ಅವಳ ದನಿಯಲ್ಲಿ ಉತ್ಸಾಹವಿರಲಿಲ್ಲ. ಹಾಗೆಂದು ಯಾರು ಹೇಳಿದರು, ಮೆಣಸಿನಕಾಯಿ ಇದ್ದದ್ದು ನಿಜ, ಅವರೂ ಇರಬಹುದಲ್ಲ ಎಂದು ಅವನು ಹಟ ಹಿಡಿದ. ಮತ್ತೆ ಹೊಸ ಗಡಿಗೆ, ಮತ್ತೆ ಹಾಲು. ಈ ಸಲ ಗಡಿಗೆಯ ಬಾಯಿಯನ್ನು ತಾನೇ ಕಟ್ಟಿದ. ಹೆಂಡತಿ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ದೂರ ನಿಂತಳು. ಗವಿಗೆ ಹೋಗಿ ಬಟ್ಟೆ ಬಿಚ್ಚಿಟ್ಟು ಬಂದ.

ಹೆಪ್ಪಾಯಿತು. ಮೊದಲ ಸಲಕ್ಕಿಂತ ಬೇಗ, ಅಂದಿನ ಸಂಜೆಯೊಳಗೇ.

ಗೌಳಿ ಕುಣಿಯಬೇಕೆಂದಿದ್ದ. ಆಗ ಇಳಿಬಿಸಿಲು ಗವಿಯೊಳಕ್ಕೆ ಬಂತು. ಗೋಡೆಯ ತುಂಬ ಒಣಗಿದ ಬಿಳಿ ಹನಿಗಳು. ನಾಲ್ಕು ಮೂಲೆಯಲ್ಲೂ ಹನಿಗಳು. ಬಾಗಿಲಲ್ಲೂ. ಎಲ್ಲವೂ ಅವನೇ ಕೈಯಾರೆ ಚಿಮುಕಿಸಿದವು.

ಅವನು ಮರಳಿನಲ್ಲಿ ಗೋಡೆ ತಿಕ್ಕಿದ. ಹಾಲು ಇಟ್ಟ, ಹೆಪ್ಪಾಯಿತು. ಬೇವಿನ ಸೊಪ್ಪಿನ ಹೊಗೆ ಹಾಕಿದ. ಹೆಪ್ಪಾಯಿತು. ಒಂದು ಮಳೆಗಾಲ ಪೂರ್ತಿ ಬಿಟ್ಟು ನೋಡಿದ. ಮಳೆನೀರು ಗವಿಯ ಒಂದೊಂದು ಬಿರುಕಿಗೂ ಆ ಮೊಸರನ್ನು ಕುಡಿಸಿತ್ತು. ಗವಿಯ ಎಲ್ಲಿ ಇಟ್ಟರೂ ಹಾಲು ಹೆಪ್ಪಾಗುತ್ತಿತ್ತು, ರುಚಿ ಅವನ ಮನೆಯದೇ ಆಗಿರುತ್ತಿತ್ತು. ಈಗ ಅಲ್ಲಿ ಜೀವ ಇತ್ತು. ಅದರಲ್ಲಿ ಅನುಮಾನವಿರಲಿಲ್ಲ. ಗವಿಯ ಬಾಯಿಂದ ಬಿಳಿಯ ಉಸಿರು ಆಗಲೂ ಒಮ್ಮೊಮ್ಮೆ ಬರುತ್ತಿತ್ತು. ಅದು ಮೊದಲಿನವರದೋ, ತನ್ನ ಮನೆಯಿಂದ ಹೋದವರದೋ, ಬರೀ ಮಂಜೋ, ಹೇಳುವ ದಾರಿ ಅವನಿಗೆ ಉಳಿದಿರಲಿಲ್ಲ.

ಮಳೆಗಾಲ ಮುಗಿದಿತ್ತು. ಹೆಂಡತಿ ಗಂಟು ಕಟ್ಟಿ ಬಾಗಿಲಲ್ಲಿಟ್ಟು ಕರಾರನ್ನು ನೆನಪಿಸಿದಳು. ಹೋಗುವುದೋ, ಇರುವುದೋ? ಅವನು ಎದುರು ಗುಡ್ಡ ನೋಡಿದ. ಅವಳೂ ಪಕ್ಕದಲ್ಲಿ ಕೂತು ನೋಡಿದಳು. ನಾಳೆ ಹೇಳುತ್ತೇನೆ ಎಂದ. ಮರುದಿನವೂ ಹಾಗೆಯೇ ಎಂದ. ಅವರು ಹೋಗಲೂ ಇಲ್ಲ, ಗಂಟು ಬಿಚ್ಚಲೂ ಇಲ್ಲ. ದಿನಾ ಸಂಜೆ ಗುಡ್ಡ ಕೆಂಪಾಗುವ ಹೊತ್ತಿಗೆ ಇಬ್ಬರೂ ಆ ಗಂಟಿಗೆ ಒರಗಿ ಕೂರುತ್ತಿದ್ದರು. ನೆರೆಯಿದ್ದವರಂತೆ ನೆಮ್ಮದಿಯಿಂದ ಇರಲು ಆಗಲಿಲ್ಲ. ನೆರೆಯಿಲ್ಲದವರಂತೆ ಎದ್ದು ನಡೆಯಲೂ ಆಗಲಿಲ್ಲ.

ನಾನೇ ಆ ಮನೆಗೆ ಹೋಗಿ ಮಜ್ಜಿಗೆ ಕುಡಿದು ಬಂದಿದ್ದೇನೆ, ಸ್ವಲ್ಪ ಖಾರ ಎಂದು ಹೇಳಿ ಗುರುಗಳು ಮಡಿಲಿನ ಸಿಪ್ಪೆ ಕೊಡವಿದರು.

ದಾಕ್ಷಾಯಿಣಿ ನಗಲಿಲ್ಲ. ಅವಳ ಹಿಡಿಯಲ್ಲಿದ್ದ ಕಡಲೆಕಾಯಿ ಹಿಡಿಯಲ್ಲೇ ಇತ್ತು. “ಮೆಣಸಿನಕಾಯಿ ಹೋಗುವುದಕ್ಕೆ ಮೊದಲು,” ಎಂದು ಕೇಳಿದಳು, “ಆ ಗವಿಯಲ್ಲಿ ಯಾರಾದರೂ ಇದ್ದರೇ, ಬುದ್ಧಿ?”

“ಅದನ್ನು ಕೇಳುವುದಕ್ಕೆ ಒಂದೇ ಒಂದು ಬೆಳಗಿತ್ತು, ತಾಯಿ,” ಎಂದರು ಗುರುಗಳು.

ಅವಳು ಕಡಲೆಕಾಯಿಯನ್ನು ಮಡಿಲಿಗೆ ಸುರಿದುಕೊಂಡು, ಕೈಚೀಲದಿಂದ ಆ ಕಾಗದವನ್ನು ತೆಗೆದು ಮತ್ತೊಮ್ಮೆ ಓದಿದಳು.