ಬೀಗಕ್ಕೆ ಕೈಮುಗಿದ ಉಮೇದುವಾರ

ಶಿಷ್ಯ ಕೇಳಿದ: "ಗುರುಗಳೇ, ವೋಟು ಕೇಳಲು ಬರುವವರು ನಾವು ಬಾಯಿ ತೆರೆಯುವ ಮೊದಲೇ ಮುಂದಿನ ಮನೆಗೆ ಓಡುತ್ತಾರೆ. ನಮ್ಮನ್ನು ಕಂಡರೆ ಅವರಿಗೆ ಅಷ್ಟು ಭಯ ಏಕೆ? ನಾವೇನು ಕಚ್ಚುತ್ತೇವೆಯೇ?"

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಉಮೇದುವಾರನಿದ್ದ. ಕೆಟ್ಟವನಲ್ಲ. ಯಾರನ್ನೂ ಬೈಯುವವನಲ್ಲ, ಹೊಡೆಯುವವನಲ್ಲ. ಅವನಿಗಿದ್ದದ್ದು ಒಂದೇ ಕಾಯಿಲೆ. ಯಾರಾದರೂ ಪ್ರಶ್ನೆ ಕೇಳಿದರೆ ಕೆಮ್ಮು ಬರುತ್ತಿತ್ತು. ಇಟ್ಟಿಗೆ ಗೂಡಿನ ಕೂಲಿಯವರು ವಾಸವಿದ್ದ ಬೀದಿಗೆ ಅವನು ಈ ಚುನಾವಣೆಯಲ್ಲಿ ಮೊದಲ ಸಲ ಹೋದಾಗ ಒಬ್ಬ ಮುದುಕ, "ಸ್ವಾಮಿ, ಹೋದ ಚುನಾವಣೆಯಲ್ಲಿ ಹೇಳಿದ ನಲ್ಲಿ ಎಲ್ಲಿ?" ಎಂದ. ಉಮೇದುವಾರ ಕೆಮ್ಮಿದ. "ಹೋಗಲಿ, ಚರಂಡಿ ಎಲ್ಲಿ?" ಎಂದ ಮುದುಕ. ಕೆಮ್ಮು ಜೋರಾಯಿತು. ಹಿಂಬಾಲಕರು "ದಾರಿ ಬಿಡಿ, ದಾರಿ ಬಿಡಿ" ಎಂದು ಕೂಗುತ್ತ ಅವನನ್ನು ಎತ್ತಿಕೊಂಡು ಹೋದರು. ಬೀದಿ ದಾಟಿದ ಕೂಡಲೇ ಕೆಮ್ಮು ವಾಸಿಯಾಯಿತು.

ಆಮೇಲೆ ಅವನು ಒಂದು ಉಪಾಯ ಹೂಡಿದ. ಜನರೆಲ್ಲ ಗೂಡಿಗೆ ಹೋಗಿರುವ ಮಧ್ಯಾಹ್ನದ ಹೊತ್ತು ನೋಡಿ ಬಂದ. ಬೀದಿ ತುಂಬ ಬೀಗಗಳು. ಒಂದೊಂದು ಬಾಗಿಲ ಮುಂದೆಯೂ ನಿಂತು ಬೀಗಕ್ಕೆ ಕೈಮುಗಿದ. "ನಿಮ್ಮ ಮನೆಮಗ ಬಂದಿದ್ದೇನೆ, ಆಶೀರ್ವಾದ ಮಾಡಿ" ಎಂದ. ಬೀಗ ನಲ್ಲಿ ಕೇಳಲಿಲ್ಲ. ಚರಂಡಿಯನ್ನೂ ಕೇಳಲಿಲ್ಲ. ಅವನಿಗೆ ಬೀಗಗಳ ಮೇಲೆ ಬಹಳ ಪ್ರೀತಿ ಹುಟ್ಟಿತು. ಚಿಲಕಕ್ಕೆ ಒಂದು ಕರಪತ್ರ ಸಿಕ್ಕಿಸಿ, ಬೀಗಕ್ಕೆ ಒಂದು ಬೊಟ್ಟು ಕುಂಕುಮವಿಟ್ಟು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ.

ಸಂಜೆ ಜನ ಮರಳಿದರು. ಬೀಗದ ಮೇಲೆ ಕುಂಕುಮ ಕಂಡರು. ಸಿಟ್ಟು ಬರಬೇಕಿತ್ತು, ನಾಚಿಕೆ ಬಂತು. ಬಾಗಿಲಿಗೆ ಬಂದವರು ಹಾಗೇ ಹಿಂದಿರುಗಿದರೆ ಆ ಬೀದಿಯಲ್ಲಿ ಅದು ಮನೆಯವರ ತಪ್ಪು. "ಅಯ್ಯೋ, ಪಾಪ, ಒಂದು ಲೋಟ ನೀರೂ ಕೊಡಲಿಲ್ಲವಲ್ಲ" ಎಂದು ಪೇಚಾಡಿದರು. ಕೊಡಲು ನಲ್ಲಿಯೇ ಇರಲಿಲ್ಲ, ಆ ಮಾತು ಬೇರೆ. ಕೆಲವರು ಮೊಬೈಲಿನಲ್ಲಿ ಫೋಟೋ ನೋಡಿ, "ನಮ್ಮ ಬೀಗ ಎಷ್ಟು ಚೆನ್ನಾಗಿ ಬಂದಿದೆ ನೋಡೋ" ಎಂದು ಹಿಗ್ಗಿದರು.

ಹೀಗೇ ಅವನು ಮತ್ತೆ ಮತ್ತೆ ಬಂದ. ಒಂದು ಮಧ್ಯಾಹ್ನ ಒಂದು ಬಾಗಿಲು ತೆರೆದಿತ್ತು. ಆ ಮನೆಯ ಮುದುಕಿಯ ಮಗಳು ತುಂಬು ಬಸುರಿ. ನೋವು ಶುರುವಾಗಿತ್ತು, ಹೆರಿಗೆ ಆಗುತ್ತಿರಲಿಲ್ಲ. ಆಸ್ಪತ್ರೆ ದೂರ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಅಷ್ಟರಲ್ಲಿ ಜೀಪಿನ ಸದ್ದು ಕೇಳಿತು. ದೇವರೇ ಬಂದ ಎಂದು ಮುದುಕಿ ಹೊರಗೆ ಓಡಿದಳು.

"ಅಣ್ಣಾ, ಬಾಗಿಲು ತೆಗೆದಿದೆ! ಒಳಗೆ ಜನ ಇದ್ದಾರೆ!" ಎಂದು ಹಿಂಬಾಲಕನೊಬ್ಬ ಹಾವು ಕಂಡವನಂತೆ ಕಿರುಚಿದ. ಉಮೇದುವಾರ ಒಂದೇ ನೆಗೆತಕ್ಕೆ ಜೀಪು ಹತ್ತಿದ.

"ನಿಲ್ಲಿಸಪ್ಪಾ! ನನ್ನ ಮಗಳು..." ಎಂದಳು ಮುದುಕಿ.

"ಎಲ್ಲ ಮಾಡಿಕೊಡೋಣಮ್ಮ, ಎಲ್ಲ ಮಾಡಿಕೊಡೋಣ!"

"ಗಾಡಿ ಬೇಕು ಕಣಪ್ಪಾ, ಗಾಡಿ!"

"ಗೆದ್ದ ಮೇಲೆ ಕೊಡಿಸ್ತೀನಮ್ಮ!"

ಕೈಮುಗಿದುಕೊಂಡೇ ಹೋದ. ಜೀಪಿನ ಹಿಂದಿನ ಸೀಟು ಖಾಲಿಯಿತ್ತು. ಮುದುಕಿ ಧೂಳಿನಲ್ಲಿ ಸ್ವಲ್ಪ ದೂರ ಓಡಿದಳು, ಆಮೇಲೆ ಮಗಳ ಕೂಗು ಕೇಳಿ ಹಿಂದೆ ಓಡಿದಳು. ಹೊತ್ತು ಇಳಿಯುವಾಗ ಮಗು ಹುಟ್ಟಿತು. ಮಗು ಅಳಲಿಲ್ಲ. ಎಷ್ಟು ತಟ್ಟಿದರೂ ಅಳಲಿಲ್ಲ.

ಸಂಜೆ ಬೀದಿಯವರು ಬಂದರು. ಮುದುಕಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ನಡೆದದ್ದನ್ನೆಲ್ಲ ಹೇಳಿದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. ಎದ್ದು ನಿಂತ.

"ಥೂ, ಅವನ ಜನ್ಮಕ್ಕೆ! ಆಮೇಲೆ ಬೀದಿಯವರು ಅವನನ್ನು ಏನು ಮಾಡಿದರು ಗುರುಗಳೇ?"

ಗುರುಗಳು ಹೇಳಿದರು: "ಅವನನ್ನು ಏನೂ ಮಾಡಲಿಲ್ಲ, ಮುದುಕಿಯ ಬಳಿ ಕುಳಿತು, 'ಇನ್ನೊಮ್ಮೆ ಅವರು ಬರುವ ಹೊತ್ತಿಗೆ ನೀನೂ ಬೀಗ ಹಾಕಿಕೊಂಡು ಎಲ್ಲಾದರೂ ಹೋಗಿಬಿಡಮ್ಮ, ಬಾಗಿಲಿಗೆ ಬಂದವರನ್ನು ಹಾಗೆ ಹೆದರಿಸಬಾರದು' ಎಂದು ಬುದ್ಧಿ ಹೇಳಿದರು."