ಕಂಬದಾಚೆಯ ಅನ್ನ

ಪೇಟೆಯ ಒಂದು ಬೀದಿಯಲ್ಲಿ ಕೆಂದ ಎಂಬ ನಾಯಿ, ಅವನ ಹೆಂಡತಿ ಬೆಳ್ಳಿ ಮತ್ತು ಮರಿಗಳು ವಾಸವಾಗಿದ್ದವು. ಬೀದಿಯ ನಡುವಿನ ದೀಪದ ಕಂಬವೇ ಅವರ ನಾಡಿನ ಗಡಿ. ಆಚೆಯ ಯಾವ ನಾಯಿ ಮೂತಿ ತೋರಿಸಿದರೂ ಕೆಂದ ಗಂಟಲು ಹರಿಯುವಂತೆ ಬೊಗಳುತ್ತಿದ್ದ.

ಒಂದು ಬೆಳಿಗ್ಗೆ ಚರಂಡಿ ಅಗೆಯಲು ಬಂದ ಪುರಸಭೆಯ ಆಳುಗಳು ಆ ಕಂಬವನ್ನು ಕಿತ್ತು, ಕೆಂದನ ಕಡೆಗೆ ಬಹಳಷ್ಟು ಈಚೆ ತಂದು ನೆಟ್ಟರು. ಈ ಸಂಸಾರ ದಿನವೂ ಉಣ್ಣುತ್ತಿದ್ದ ಖಾನಾವಳಿಯ ಹಿಂಬಾಗಿಲು ಕಂಬದ ಆಚೆಗಾಯಿತು. ಮಧ್ಯಾಹ್ನ ಅಡುಗೆಯವಳು ಎಂದಿನಂತೆ ಮಿಕ್ಕ ಅನ್ನ ಸುರಿದಳು. ಬೆಳ್ಳಿ ಹೊರಟಳು.

"ನಿಲ್ಲು! ಅದು ಪರನಾಡು," ಎಂದ ಕೆಂದ.

"ನಿನ್ನೆ ಅಲ್ಲೇ ಉಂಡೆವಲ್ಲ?"

"ನಿನ್ನೆ ಅದು ನಮ್ಮದು. ಇಂದು ಗಡಿ ಇಲ್ಲಿದೆ."

"ಗಡಿ ಸರಿಸಿದವರು ಚರಂಡಿಯವರು, ಮಾರಾಯ. ಅನ್ನ ಇದ್ದಲ್ಲೇ ಇದೆ."

"ಹೊಟ್ಟೆಗಾಗಿ ಗಡಿ ದಾಟುವವಳು ನಾಡದ್ರೋಹಿ!"

ಬೆಳ್ಳಿಗೆ ಅಸಹ್ಯವಾಯಿತು. ಅವಳು ಮರಿಗಳನ್ನು ಕರೆದುಕೊಂಡು ಕಂಬ ದಾಟಿದಳು. ಆಚೆಯ ನಾಯಿಗಳು ಒಮ್ಮೆ ಗುರುಗುಟ್ಟಿ, ಸರಿದು ಜಾಗ ಬಿಟ್ಟವು. ಅನ್ನ ಎಲ್ಲರಿಗೂ ಸಾಕಾಗುವಷ್ಟಿತ್ತು.

ಸಂಜೆ ಅವಳು ಮರಳಿದಾಗ ಕೆಂದ ಹಸಿವಿನಿಂದ ನಡುಗುತ್ತ ಕಂಬದ ಬುಡದಲ್ಲಿ ನಿಂತಿದ್ದ. ಹೆಂಡತಿಯ ಮೂತಿಯನ್ನು ಮೂಸಿ ನೋಡಿದ. ಅನ್ನದ ವಾಸನೆ ಬಡಿಯಿತು.

"ಪರದೇಶಿ! ಒಳಗೆ ಕಾಲಿಡಬೇಡ!" ಎಂದು ಅವಳ ಮೇಲೂ ಮರಿಗಳ ಮೇಲೂ ಬೊಗಳಿದ.

ಬೆಳ್ಳಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಚೆನ್ನಾಗಿ ಕಾಯಿ. ನಿನ್ನ ನಾಡಿನಲ್ಲಿ ಇನ್ನು ನೀನು, ಈ ಕಂಬ, ಇಬ್ಬರೇ. ಕಂಬಕ್ಕೇನೋ ಹಸಿವಾಗುವುದಿಲ್ಲ," ಎಂದು ಮರಿಗಳೊಡನೆ ಖಾನಾವಳಿಯ ಕಡೆ ತಿರುಗಿದಳು.